ಗುಂಪಿಗೆ ಸೇರದ ಸಂಖ್ಯೆ: ಉತ್ತರ ತಪ್ಪಿದಾಗ ಎಲ್ಲಿ ನೋಡಬೇಕು

ಎಂಟನೇ ತರಗತಿಯ ವಿದ್ಯಾರ್ಥಿವೇತನ ಪರೀಕ್ಷೆಯಾದ ಎನ್‌ಎಂಎಂಎಸ್‌ನಿಂದ ಹಿಡಿದು ಸರ್ಕಾರಿ ಗುಮಾಸ್ತ ಹುದ್ದೆಗಳ ಎಫ್‌ಡಿಎ, ಎಸ್‌ಡಿಎ, ಪೊಲೀಸ್ ಕಾನ್‌ಸ್ಟೇಬಲ್, ರೈಲ್ವೆ ಪರೀಕ್ಷೆಗಳವರೆಗೆ ಈ ಪ್ರಶ್ನೆ ಆಗಾಗ ಎದುರಾಗುತ್ತದೆ. ನಾಲ್ಕೈದು ಸಂಖ್ಯೆ ಕೊಡುತ್ತಾರೆ, ಗುಂಪಿಗೆ ಸೇರದ್ದನ್ನು ಆರಿಸಿ ಅನ್ನುತ್ತಾರೆ. ಬೇಕಾದ ಗಣಿತ ಹೈಸ್ಕೂಲಿಗೆ ಹೋಗುವ ಮೊದಲೇ ಕಲಿತದ್ದು: ಮಗ್ಗಿ, ಅಪವರ್ತನ, ವರ್ಗ, ಘನ. ಆದರೂ ಉತ್ತರ ತಪ್ಪುತ್ತದೆ. ಲೆಕ್ಕ ಬಾರದೆ ತಪ್ಪುವುದು ಕಡಿಮೆ. ನೋಡುವ ಕ್ರಮ ಕೆಟ್ಟು ತಪ್ಪುವುದೇ ಜಾಸ್ತಿ.

ಆ ತಪ್ಪು ಎಲ್ಲಿ ಹುಟ್ಟಿತು ಅಂತ ಪತ್ತೆ ಹಚ್ಚುವುದು ಹೇಗೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಇಂಥ ಒಂದಿಷ್ಟು ಪ್ರಶ್ನೆ ಬಿಡಿಸಿ, ಕೀ ಉತ್ತರ ನೋಡಿ "ಇದು ಹೇಗೆ?" ಅಂತ ಕೂತವರಿಗೆ ಜಾಸ್ತಿ ಉಪಯೋಗವಾದೀತು.

ಯಾವ ಲಕ್ಷಣಕ್ಕೂ ಮೊದಲು ಈ ಪರೀಕ್ಷೆ

4, 9, 25, 36, 49, 121

ಇದರಲ್ಲಿ ಸೇರದ್ದು ಯಾವುದು? 121 ಅನ್ನಬಹುದು, ಮೂರಂಕಿ ಇರುವುದು ಅದೊಂದಕ್ಕೇ. 25 ಅನ್ನಬಹುದು, 5ರ ಮಗ್ಗಿಯಲ್ಲಿ ಬರುವುದು ಅದೊಂದೇ. 49 ಅನ್ನಬಹುದು, 7ರ ಮಗ್ಗಿಯಲ್ಲಿ ಬೇರೆ ಯಾವುದೂ ಇಲ್ಲ. ಮೂರೂ ಮಾತು ನಿಜ. ಮೂರೂ ಉತ್ತರ ತಪ್ಪು.

ಯಾವ ಸಂಖ್ಯೆಯನ್ನು ಹಿಡಿದರೂ ಅದು ಏನಾದರೊಂದು ವಿಷಯದಲ್ಲಿ ಉಳಿದವುಗಳಿಂದ ಬೇರೆಯಾಗಿಯೇ ಇರುತ್ತದೆ. ಪ್ರಶ್ನೆ ಬರೆಯುವವರು ಮೊದಲು ಒಂದು ಗುಂಪು ಮಾಡಿಕೊಂಡಿರುತ್ತಾರೆ. ಆಮೇಲೆ ಹೊರಗಿನದೊಂದನ್ನು ಅದರೊಳಗೆ ತೂರಿಸುತ್ತಾರೆ. ಹಾಗಾಗಿ ನಾವೂ ಮೊದಲು ಗುಂಪನ್ನೇ ಹುಡುಕಬೇಕು. ಅಕ್ಕಿ ಯಾವುದು ಅಂತ ಗೊತ್ತಿದ್ದವರಿಗೆ ಕಲ್ಲು ತಾನಾಗೇ ಕಾಣುತ್ತದೆ, ಅಲ್ವಾ?

ಉತ್ತರ ಹೊಳೆದ ಕೂಡಲೇ ಮನಸ್ಸಿನಲ್ಲಿ ಒಂದು ವಾಕ್ಯ ಶುರು ಮಾಡಿ: "ಉಳಿದವೆಲ್ಲ..." ಅದನ್ನು "ಅಲ್ಲ", "ಇಲ್ಲ", "ಆಗುವುದಿಲ್ಲ" ಇವುಗಳನ್ನು ಬಳಸದೆ ಮುಗಿಸಿ. 25 ನಿಮ್ಮ ಉತ್ತರವಾದರೆ ವಾಕ್ಯ "ಉಳಿದವೆಲ್ಲ 5ರಿಂದ ಭಾಗವಾಗುವುದಿಲ್ಲ" ಅಂತಲೇ ಮುಗಿಯುತ್ತದೆ. ಅದು ಗುಂಪಲ್ಲ. 121 ಅಂದವರು "ಉಳಿದವೆಲ್ಲ 100ರೊಳಗಿನವು" ಅಂತ ಜಾಣತನ ಮಾಡಬಹುದು. ಆದರೆ 100ರೊಳಗೆ ಏನು ಬೇಕಾದರೂ ಬರುತ್ತದೆ. ಅಷ್ಟು ಸಡಿಲ ಇದ್ದರೆ ಅದೂ ಗುಂಪಲ್ಲ. 36 ಅಂದರೆ? "ಉಳಿದವೆಲ್ಲ ಅವಿಭಾಜ್ಯ ಸಂಖ್ಯೆಗಳ ವರ್ಗ." 2, 3, 5, 7, 11ರ ವರ್ಗ. ವಾಕ್ಯ ತುಂಬಿತು, ಗುಂಪು ಬಿಗಿಯಾಗಿದೆ. 36 ಮಾತ್ರ 6ರ ವರ್ಗ, 6 ಅವಿಭಾಜ್ಯವಲ್ಲ.

ಈ ಎರಡು ಮಾತು, ವಾಕ್ಯ ತುಂಬಬೇಕು, ಗುಂಪು ಬಿಗಿಯಾಗಿರಬೇಕು, ಮುಂದೆಲ್ಲ ಬೇಕಾಗುತ್ತವೆ.

ಲಕ್ಷಣ: ಎಲ್ಲವೂ ಅವಿಭಾಜ್ಯದಂತೆ ಕಾಣುತ್ತಿವೆ

51, 53, 59, 61, 67

ನೋಡುವುದಕ್ಕೆ ಐದೂ ಒಂದೇ ಥರ. ಬೆಸ ಸಂಖ್ಯೆ, 5ರಲ್ಲಿ ಮುಗಿಯುವುದಿಲ್ಲ, ಎಲ್ಲೂ ಭಾಗ ಹೋಗುವ ಹಾಗೆ ಕಾಣುವುದಿಲ್ಲ. ಇಲ್ಲಿ ಕೈಕೊಡುವುದು ಮಗ್ಗಿ. 9 ಅಥವಾ 10ರವರೆಗಿನ ಮಗ್ಗಿಯಲ್ಲಿ ಬಾರದ ಸಂಖ್ಯೆಯನ್ನು ಕಣ್ಣು ಸುಮ್ನೆ ಅವಿಭಾಜ್ಯ ಅಂದುಕೊಳ್ಳುತ್ತದೆ. ಹದಿನೇಳ್ ಮೂರ್ಲಿ ಐವತ್ತೊಂದು ಅಂತ ಬಾಯಿಗೆ ಬಂದವರಿಗೆ ಈ ಪ್ರಶ್ನೆಯಲ್ಲಿ ಏನೂ ಕಷ್ಟವಿಲ್ಲ. 20ರವರೆಗೆ ಮಗ್ಗಿ ಕಲಿಸುವ ಹಳೆಯ ಮೇಷ್ಟ್ರುಗಳನ್ನು ಬೈದುಕೊಂಡವರು ಈಗ ಸ್ವಲ್ಪ ಮೆತ್ತಗಾಗಬಹುದು.

ಹೀಗೆ ವೇಷ ಹಾಕಿ ಕೂರುವ ಸಂಖ್ಯೆಗಳಲ್ಲಿ ಕೆಲವು ಇವು: 57 (3×19), 87 (3×29), 91 (7×13), 119 (7×17), 133 (7×19), 143 (11×13), 161 (7×23), 187 (11×17), 203 (7×29), 209 (11×19), 217 (7×31), 221 (13×17), 247 (13×19), 299 (13×23), 323 (17×19), 391 (17×23), 437 (19×23). ಪ್ರಶ್ನೆ ಬರೆಯುವವರಿಗೂ ಇವು ಬಲು ಇಷ್ಟ.

ಬಾಯಿಪಾಠ ಬೇಡ ಅನ್ನುವವರು ಭಾಗಿಸಿಯೇ ನೋಡಿ. ಆದರೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರಲಿ. ಸಂಖ್ಯೆಯ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. 121ಕ್ಕಿಂತ ಚಿಕ್ಕ ಸಂಖ್ಯೆಗೆ 2, 3, 5, 7 ಸಾಕು. 289ಕ್ಕಿಂತ ಚಿಕ್ಕದಕ್ಕೆ 13ರವರೆಗೆ ಹೋಗಿ. 529ಕ್ಕಿಂತ ಚಿಕ್ಕದಕ್ಕೆ 19ರವರೆಗೆ. ಅದರಾಚೆ ಇಂಥ ಪ್ರಶ್ನೆಯಲ್ಲಿ ಬರುವುದು ಅಪರೂಪ.

3ಕ್ಕೆ ಅಂಕಿ ಕೂಡುವುದು ಎಲ್ಲರಿಗೂ ಗೊತ್ತು. ದೊಡ್ಡವಕ್ಕೂ ಹಾಗೇ ಸಣ್ಣ ದಾರಿಗಳಿವೆ. 7 ಆದರೆ ಕೊನೆಯ ಅಂಕಿಯ ಎರಡರಷ್ಟನ್ನು ಉಳಿದದ್ದರಿಂದ ಕಳೆಯಿರಿ: 203ಕ್ಕೆ 20−6=14, ಭಾಗ ಹೋಗುತ್ತದೆ. 13 ಆದರೆ ಕೊನೆಯ ಅಂಕಿಯ ನಾಲ್ಕರಷ್ಟನ್ನು ಕೂಡಿಸಿ: 221ಕ್ಕೆ 22+4=26. 17ಕ್ಕೆ ಐದರಷ್ಟು ಕಳೆಯಿರಿ: 391ಕ್ಕೆ 39−5=34. 19ಕ್ಕೆ ಎರಡರಷ್ಟು ಕೂಡಿಸಿ: 437ಕ್ಕೆ 43+14=57. ಒಂದೊಂದಕ್ಕೂ ನಾಲ್ಕೈದು ಸೆಕೆಂಡು ಹಿಡಿದೀತು.

1ರ ವಿಷಯವೂ ಇಲ್ಲೇ ಹೇಳಿಬಿಡೋಣ. ಅದು ಅವಿಭಾಜ್ಯವೂ ಅಲ್ಲ, ಸಂಯುಕ್ತವೂ ಅಲ್ಲ. ಅವಿಭಾಜ್ಯಗಳ ಸಾಲಿನಲ್ಲಿ 1 ಕಂಡರೆ ಅನುಮಾನ ಮೊದಲು ಅದರ ಮೇಲೇ ಇರಲಿ.

ಲಕ್ಷಣ: ಉತ್ತರ ಸರಿ ಬಂತು, ಕಾರಣ ಸರಿಯಿಲ್ಲ

15, 35, 63, 91, 99, 143

ತುಂಬಾ ಜನ 91 ಅನ್ನುತ್ತಾರೆ. ಕೀ ಉತ್ತರವೂ 91. ಕಾರಣ ಕೇಳಿದರೆ "ಅದು ಅವಿಭಾಜ್ಯ, ಉಳಿದವು ಅಲ್ಲ" ಅನ್ನುತ್ತಾರೆ. 91 ಅವಿಭಾಜ್ಯವಲ್ಲ, ಮೇಲೆಯೇ ನೋಡಿದೆವು. ಇದು ಅಪಾಯದ ತಪ್ಪು. ಅಂಕ ಬಂದುಬಿಡುವುದರಿಂದ ಯಾರೂ ತಿದ್ದುವುದಿಲ್ಲ. ಮುಂದಿನ ಸಲ ಅದೇ 91ರ ಜೊತೆ ನಿಜವಾದ ಅವಿಭಾಜ್ಯಗಳು ಬಂದಾಗ ಅಂಕ ಹೋಗುತ್ತದೆ.

ಎರಡರ ಗುಣಲಬ್ಧವಾಗಿ ಬರೆದು ನೋಡಿ: 3×5, 5×7, 7×9, 9×11, 11×13. ಒಂದರ ಹಿಂದೊಂದು ಬರುವ ಬೆಸ ಸಂಖ್ಯೆಗಳ ಜೋಡಿ. 91 ಮಾತ್ರ 7×13, ನಡುವೆ 9 ಮತ್ತು 11 ಹಾರಿಹೋಗಿವೆ. ಇನ್ನೊಂದು ಕಡೆಯಿಂದ ನೋಡಿದರೆ ಉಳಿದವೆಲ್ಲ ವರ್ಗಕ್ಕಿಂತ ಒಂದು ಕಡಿಮೆ: 16−1, 36−1, 64−1, 100−1, 144−1. ಎರಡೂ ಒಂದೇ ಮಾತು. ಯಾವುದಾದರೂ ಸಂಖ್ಯೆಯ ವರ್ಗದಿಂದ 1 ಕಳೆದರೆ, ಬರುವುದು ಅದರ ಹಿಂದಿನ ಮತ್ತು ಮುಂದಿನ ಸಂಖ್ಯೆಗಳ ಗುಣಲಬ್ಧ.

ಅಭ್ಯಾಸ ಮಾಡುವಾಗ ಉತ್ತರದ ಜೊತೆ ಕಾರಣವನ್ನೂ ಒಂದು ಸಾಲು ಬರೆಯುವ ರೂಢಿ ಇಟ್ಟುಕೊಂಡರೆ ಈ ದೋಷ ಬೇಗ ಸಿಕ್ಕಿಬೀಳುತ್ತದೆ.

ಲಕ್ಷಣ: ಎಲ್ಲದರಲ್ಲೂ ಅದೇ ಅಪವರ್ತನ

30, 42, 60, 66, 78

ಎಲ್ಲವೂ 2ರಿಂದ ಹೋಗುತ್ತವೆ, ಎಲ್ಲವೂ 3ರಿಂದ ಹೋಗುತ್ತವೆ. ಇಲ್ಲಿಗೆ ಬಂದು ನಿಂತುಬಿಡುತ್ತಾರೆ. ಎಲ್ಲಕ್ಕೂ ಸಾಮಾನ್ಯವಾದದ್ದು ಏನನ್ನೂ ಹೇಳುವುದಿಲ್ಲ. ಅದನ್ನು ಹೊರಗೆ ತೆಗೆದುಬಿಡಿ. ಅಂದರೆ ಮ.ಸಾ.ಅ. (ಎಲ್ಲವನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಕಂಡುಹಿಡಿದು ಎಲ್ಲವನ್ನೂ ಅದರಿಂದ ಭಾಗಿಸಿ. ಇಲ್ಲಿ ಅದು 6. ಉಳಿಯುವುದು 5, 7, 10, 11, 13. ಈಗ ಮಕ್ಕಳೂ ಹೇಳುತ್ತಾರೆ. 10 ಎಲ್ಲಿಂದ ಬಂತೋ ಅದೇ, ಅಂದರೆ 60.

ಸಂಖ್ಯೆಗಳು ದೊಡ್ಡದಾಗಿ, ಹೆದರಿಸುವ ಹಾಗೆ ಕಂಡಾಗ ಈ ಉಪಾಯವನ್ನೇ ಮೊದಲು ಮಾಡಿ. ಎಷ್ಟೋ ಸಲ ಮೂರಂಕಿಯ ಪ್ರಶ್ನೆ ಒಂದಂಕಿಯ ಪ್ರಶ್ನೆಯಾಗಿ ಕುಗ್ಗುತ್ತದೆ.

ಲಕ್ಷಣ: ಅಪವರ್ತನಗಳಿಗೆ ಒಂದೇ ರೂಪ ಇಲ್ಲ

8, 15, 20, 21, 27, 33

ಬಿಡಿಸಿದರೆ 2³, 3×5, 2²×5, 3×7, 3³, 3×11. ಘನ ಎರಡಿವೆ, ಎರಡು ಅವಿಭಾಜ್ಯಗಳ ಗುಣಲಬ್ಧ ಮೂರಿವೆ. ಗುಂಪು ಕಟ್ಟುವುದೇ ಆಗುವುದಿಲ್ಲ. ಇಂಥ ಕಡೆ ಯಾವ ಅಪವರ್ತನ ಅನ್ನೋದನ್ನು ಬಿಟ್ಟು, ಒಟ್ಟು ಎಷ್ಟು ಅಪವರ್ತನ ಅಂತ ಎಣಿಸಿ. ಒಂದೊಂದಾಗಿ ಬರೆಯಬೇಕಿಲ್ಲ. ಘಾತಸೂಚಿಗಳಿಗೆ ಒಂದೊಂದು ಕೂಡಿಸಿ ಗುಣಿಸಿ. 2³ಕ್ಕೆ 3+1, ಅಂದರೆ 4. 3×5ಕ್ಕೆ 2×2, ಅಂದರೆ 4. 20ಕ್ಕೆ ಮಾತ್ರ 3×2, ಅಂದರೆ 6. ಉಳಿದವೆಲ್ಲ ಸರಿಯಾಗಿ ನಾಲ್ಕು ಅಪವರ್ತನ ಇರುವ ಸಂಖ್ಯೆಗಳು.

ಎಣಿಕೆ ಬೆಸ ಸಂಖ್ಯೆಯಾಗಿ ಬಂದರೆ ಅದು ವರ್ಗಸಂಖ್ಯೆ ಅಂತಲೇ ಅರ್ಥ. ಅಪವರ್ತನಗಳು ಜೋಡಿಜೋಡಿಯಾಗಿ ಬರುತ್ತವೆ. ವರ್ಗಸಂಖ್ಯೆಯಲ್ಲಿ ಮಾತ್ರ ಒಂದು ಅಪವರ್ತನ ತನಗೆ ತಾನೇ ಜೋಡಿ. 36ಕ್ಕೆ 9 ಅಪವರ್ತನ, ಅದರಲ್ಲಿ 6 ಒಂಟಿ.

ಲಕ್ಷಣ: ಬಿಡಿಸಿದಷ್ಟೂ ಕಗ್ಗಂಟು

42, 20, 56, 54, 12, 30

ಅವಿಭಾಜ್ಯ ಅಪವರ್ತನ ಬರೆದರೆ 2×3×7, 2²×5, 2³×7, 2×3³, 2²×3, 2×3×5. ತಲೆಬುಡ ಸಿಗುವುದಿಲ್ಲ. ದೋಷ ನಿಮ್ಮ ಲೆಕ್ಕದಲ್ಲಿಲ್ಲ. ಬಿಡಿಸಿದ್ದು ಜಾಸ್ತಿಯಾಯಿತು ಅಷ್ಟೇ. ಕೊನೆಯ ತನಕ ಒಡೆದರೆ ಜೋಡಿಯ ಗುರುತೇ ಅಳಿಸಿಹೋಗುತ್ತದೆ.

ಮೊದಲು ಏರಿಕೆ ಕ್ರಮದಲ್ಲಿ ಬರೆಯಿರಿ: 12, 20, 30, 42, 54, 56. ಆಮೇಲೆ ಪ್ರತಿಯೊಂದಕ್ಕೂ ಒಂದಕ್ಕೊಂದು ಹತ್ತಿರವಿರುವ ಜೋಡಿ ಹುಡುಕಿ. ವರ್ಗಮೂಲದ ಅಕ್ಕಪಕ್ಕ ಹುಡುಕಿದರೆ ಬೇಗ ಸಿಗುತ್ತದೆ. 3×4, 4×5, 5×6, 6×7, ಮತ್ತೆ 56 ಅಂದರೆ 7×8. 54ಕ್ಕೆ ಸಿಗುವ ಹತ್ತಿರದ ಜೋಡಿ 6×9. ಅದೇ ಹೊರಗಿನದು. ವ್ಯತ್ಯಾಸ ನೋಡಿದರೂ ಗೊತ್ತಾಗುತ್ತದೆ: 8, 10, 12 ಅಂತ ಬಂದು, 54 ಅಡ್ಡ ಕೂತದ್ದರಿಂದ 14 ಇರಬೇಕಾದ ಕಡೆ 12 ಮತ್ತು 2 ಆಗಿದೆ.

ಎನ್‌ಎಂಎಂಎಸ್‌ನ ಮಾನಸಿಕ ಸಾಮರ್ಥ್ಯ ಪತ್ರಿಕೆಯಲ್ಲಿ 90 ಪ್ರಶ್ನೆಗೆ 90 ನಿಮಿಷ. ಒಂದು ಕಗ್ಗಂಟಿಗೆ ಐದು ನಿಮಿಷ ಕೊಟ್ಟರೆ ನಾಲ್ಕು ಸುಲಭದ ಪ್ರಶ್ನೆ ಕಳೆದುಕೊಂಡ ಹಾಗೆ. ಗುರುತು ಹಾಕಿ ಮುಂದೆ ಹೋಗಿ.

ಲಕ್ಷಣ: ಅಪವರ್ತನದಲ್ಲಿ ಏನೂ ಇಲ್ಲ

126, 217, 344, 511, 730

ಇಂಥ ಕಡೆ ಸಂಖ್ಯೆಯನ್ನು ಬಿಟ್ಟು ಅದರ ಪಕ್ಕದ ಸಂಖ್ಯೆ ನೋಡಿ. 125, 216, 343, 512, 729 ಎಲ್ಲ ಘನಗಳು. "ಎಲ್ಲವೂ ಘನದ ಪಕ್ಕ ಇವೆ, ಹಾಗಾದರೆ ಸೇರದ್ದು ಯಾವುದು?" ಅಂತ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಯಾವ ಪಕ್ಕ ಅಂತ ನೋಡಿಲ್ಲ, ಅದೇ ದೋಷ. ನಾಲ್ಕು ಘನಕ್ಕಿಂತ ಒಂದು ಹೆಚ್ಚು. 511 ಮಾತ್ರ 8ರ ಘನಕ್ಕಿಂತ ಒಂದು ಕಡಿಮೆ.

ಇದಕ್ಕೂ ಅಪವರ್ತನದ ಸುಳಿವು ಇದೆ. ಘನಕ್ಕೆ 1 ಕೂಡಿಸಿದರೆ ಬರುವ ಸಂಖ್ಯೆ ಮೂಲದ ಮುಂದಿನ ಸಂಖ್ಯೆಯಿಂದ ಭಾಗವಾಗುತ್ತದೆ. 5ರ ಘನದ ಪಕ್ಕದ 126 ಅಂದರೆ 6×21. 217 ಅಂದರೆ 7×31, 344 ಅಂದರೆ 8×43, 730 ಅಂದರೆ 10×73. ಕಳೆದರೆ ಹಿಂದಿನ ಸಂಖ್ಯೆಯಿಂದ ಭಾಗವಾಗುತ್ತದೆ: 511 ಅಂದರೆ 7×73. ರಾಮಾನುಜನ್ ಸಂಖ್ಯೆ ಅಂತ ಹೆಸರಾದ 1729 ಕೂಡ 12ರ ಘನಕ್ಕೆ 1 ಸೇರಿದ್ದು. ಹಾಗಾಗಿ 13ರಿಂದ ಭಾಗವಾಗಲೇಬೇಕು. 13×133, ಪೂರ್ತಿ ಬಿಡಿಸಿದರೆ 7×13×19.

64 ಕಂಡರೆ ಸ್ವಲ್ಪ ಹುಷಾರು. ಅದು 8ರ ವರ್ಗ, 4ರ ಘನ, 2ರ ಆರನೇ ಘಾತ. ವರ್ಗಗಳ ಗುಂಪಿಗೂ ಸೇರುತ್ತದೆ, ಘನಗಳ ಗುಂಪಿಗೂ ಸೇರುತ್ತದೆ. 729 ಕೂಡ ಹಾಗೇ, 27ರ ವರ್ಗ ಮತ್ತು 9ರ ಘನ.

ಲಕ್ಷಣ: ಎರಡು ಉತ್ತರ ಬರುತ್ತಿವೆ

ಜಗಳ ಜಾಸ್ತಿ ಆಗುವುದು ಇಲ್ಲೇ. ಮೇಲಿನ ಒಂದು ಪ್ರಶ್ನೆಗೆ 70 ಸೇರಿಸಿ ನೋಡೋಣ.

30, 42, 60, 66, 70, 78

ಒಬ್ಬರು 70 ಅನ್ನುತ್ತಾರೆ: "ಉಳಿದವೆಲ್ಲ 6ರ ಮಗ್ಗಿಯಲ್ಲಿ ಬರುತ್ತವೆ." ಇನ್ನೊಬ್ಬರು 60 ಅನ್ನುತ್ತಾರೆ: "ಉಳಿದವೆಲ್ಲ ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧ." 2×3×5, 2×3×7, 2×3×11, 2×5×7, 2×3×13. 60ರಲ್ಲಿ ಮಾತ್ರ 2 ಎರಡು ಸಲ ಬಂದಿದೆ. ಎರಡೂ ವಾಕ್ಯ ತುಂಬಿವೆ, ಎರಡರಲ್ಲೂ "ಇಲ್ಲ" ಇಲ್ಲ. ಈಗ?

ಈಗ ಬಿಗಿ ನೋಡಬೇಕು. 100ರೊಳಗೆ 6ರ ಗುಣಕಗಳು 16 ಇವೆ. ಅದರಲ್ಲಿ ಐದು ಒಂದು ಕಡೆ ಸೇರುವುದು ದೊಡ್ಡ ವಿಷಯವಲ್ಲ, ಹಾಗೇ ಸುಮ್ಮನೆ ಆಗಬಹುದು. ಮೂರು ಬೇರೆ ಬೇರೆ ಅವಿಭಾಜ್ಯಗಳನ್ನು ಗುಣಿಸಿ ಬರುವ ಸಂಖ್ಯೆಗಳು 100ರೊಳಗೆ ಎಷ್ಟಿವೆ? ಐದೇ ಐದು. 30, 42, 66, 70, 78. ಐದಕ್ಕೆ ಐದೂ ಪ್ರಶ್ನೆಯಲ್ಲೇ ಇವೆ! ಇದು ತಾನಾಗಿ ಆಗುವ ಮಾತಲ್ಲ. ಬರೆದವರು ಈ ಗುಂಪನ್ನೇ ಇಟ್ಟುಕೊಂಡು 60ನ್ನು ತೂರಿಸಿದ್ದಾರೆ. ಉತ್ತರ 60. ಆದರೆ 6ರ ನಿಯಮ ಹೇಳಿದವರನ್ನು ದಡ್ಡರು ಅನ್ನಬೇಡಿ. ಪ್ರಶ್ನೆಯೇ ಅದಕ್ಕೆ ಜಾಗ ಬಿಟ್ಟಿದೆ.

ಬಿಗಿಯಿಂದಲೂ ಬಗೆಹರಿಯದ ಪ್ರಶ್ನೆಗಳೂ ಇವೆ. 2, 3, 5, 9 ಕೊಟ್ಟರೆ ಏನು ಮಾಡುತ್ತೀರಿ? 2 ಬಿಟ್ಟರೆ ಉಳಿದವೆಲ್ಲ ಬೆಸ. 9 ಬಿಟ್ಟರೆ ಉಳಿದವೆಲ್ಲ ಅವಿಭಾಜ್ಯ. 2, 3, 5 ಮೊದಲ ಮೂರು ಅವಿಭಾಜ್ಯಗಳಾದ್ದರಿಂದ ನಾನಾದರೆ 9ಕ್ಕೆ ಗುರುತು ಹಾಕುತ್ತೇನೆ. ಆದರೂ ಇದು ಕೆಟ್ಟ ಪ್ರಶ್ನೆಯೇ. ನೆಗೆಟಿವ್ ಮಾರ್ಕ್ಸ್ ಇರುವ ಕಡೆ ಬಿಟ್ಟರೂ ತಪ್ಪಿಲ್ಲ.

ಕರ್ನಾಟಕ ಲೋಕಸೇವಾ ಆಯೋಗ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದಂಥ ಸಂಸ್ಥೆಗಳು ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತವೆ. ಇಂಥ ಪ್ರಶ್ನೆ ಕಂಡರೆ ಆ ಅವಕಾಶ ಬಳಸಿ. "ನನ್ನ ಉತ್ತರವೇ ಸರಿ" ಅಂತ ವಾದಿಸುವುದಕ್ಕಿಂತ ಎರಡೂ ನಿಯಮಗಳನ್ನು ಪಕ್ಕಪಕ್ಕ ಬರೆದು, ಪ್ರತಿ ಸಂಖ್ಯೆಯ ಅಪವರ್ತನ ತೋರಿಸಿದರೆ ಓದುವವರಿಗೂ ಕೂಡಲೇ ತಿಳಿಯುತ್ತದೆ.

ಅಪವರ್ತನ ಬಿಟ್ಟು ಅಂಕಿ ನೋಡಬೇಕಾದಾಗ

253, 374, 418, 583, 682

ಎಲ್ಲವೂ 11ರಿಂದ ಹೋಗುತ್ತವೆ. 11 ಹೊರಗೆ ತೆಗೆದರೆ 23, 34, 38, 53, 62. ಇಲ್ಲೂ ಮೊದಲ ನೋಟಕ್ಕೆ ಏನೂ ಇಲ್ಲ. ಮೂಲ ಸಂಖ್ಯೆಗಳ ಅಂಕಿ ನೋಡಿ: 253ರಲ್ಲಿ 2 ಮತ್ತು 3 ಕೂಡಿದರೆ ನಡುವಿನ 5. 374, 583, 682ರಲ್ಲೂ ಹಾಗೇ. 418ರಲ್ಲಿ 4 ಮತ್ತು 8 ಕೂಡಿದರೆ 12, ನಡುವೆ ಇರುವುದು 1. ಉತ್ತರ 418.

ಕಾರಣ ಗುಣಾಕಾರದಲ್ಲೇ ಇದೆ. ಎರಡಂಕಿಯ ಸಂಖ್ಯೆಯನ್ನು 11ರಿಂದ ಗುಣಿಸಿದರೆ ಅದರ ಎರಡೂ ಅಂಕಿಗಳ ಮೊತ್ತ ನಡುವೆ ಬಂದು ಕೂರುತ್ತದೆ. 38ರಲ್ಲಿ ಆ ಮೊತ್ತ 11. ಅದರಲ್ಲಿ 1 ದಶಕ ಮುಂದಕ್ಕೆ ಹೋಗಿ 3 ಇದ್ದದ್ದು 4 ಆಯಿತು. ಹಾಗಾಗಿ 23, 34, 38, 53, 62ರಲ್ಲೂ ಉತ್ತರ ಅಡಗಿತ್ತು. ಅಂಕಿಗಳ ಮೊತ್ತ 9 ದಾಟಿದ್ದು 38 ಒಂದೇ.

ಜೋಡಿ ಕೊಟ್ಟಾಗ

8–15, 9–28, 14–33, 21–35, 10–27. ಇಲ್ಲಿ ಒಂದೊಂದು ಜೋಡಿಗೂ ಸಾಮಾನ್ಯ ಅಪವರ್ತನ ಹುಡುಕಿ. 21 ಮತ್ತು 35ಕ್ಕೆ 7 ಇದೆ. ಉಳಿದವೆಲ್ಲ 1 ಬಿಟ್ಟರೆ ಬೇರೇನನ್ನೂ ಹಂಚಿಕೊಳ್ಳದ ಸಹ-ಅವಿಭಾಜ್ಯ ಜೋಡಿಗಳು.

ಒಂದು ಇನ್ನೊಂದರ ಗುಣಕವಾಗಿದ್ದರೆ ಸಾಮಾನ್ಯ ಅಪವರ್ತನ ಹುಡುಕುವುದು ದಂಡ, ಭಾಗಿಸಿಬಿಡಿ. 3–24, 4–60, 5–125, 6–210 ತೆಗೆದುಕೊಳ್ಳಿ. 125 ಪೂರ್ತಿ ಘನವಾದ್ದರಿಂದ 5–125 ಚೆನ್ನಾಗಿ ಹೊಂದುವ ಜೋಡಿಯಂತೆ ಕಾಣುತ್ತದೆ, ಉಳಿದವೇ ಸರಿಯಿಲ್ಲ ಅನ್ನಿಸುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ: 8, 15, 25, 35. ಇದರಲ್ಲಿ 8, 15, 35 ಕ್ರಮವಾಗಿ 3, 4, 6ರ ವರ್ಗಕ್ಕಿಂತ ಒಂದು ಕಡಿಮೆ. 24 ಅಂದರೆ 2×3×4, 60 ಅಂದರೆ 3×4×5, 210 ಅಂದರೆ 5×6×7. 5ರ ಪಕ್ಕ 4×5×6, ಅಂದರೆ 120 ಇರಬೇಕಿತ್ತು. 5–125 ಹೊರಗೆ.